ಆಯುಷ್ಯ ಬೆಳೆಯಿತು, ಕುಡಿತದ ಲೆಕ್ಕ ಬದಲಾಯಿತು

ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ತಂದುಕೊಟ್ಟದ್ದು ಅವರ ಹಾಲಕ್ಕಿ ಸಮುದಾಯದ ಹಾಡುಗಳು. ಸುತ್ತಲಿನ ಹೆಂಗಸರಿಗೆ ಅವರು ಇನ್ನೊಂದು ಕಾರಣಕ್ಕೂ ಬೇಕಾದವರಾಗಿದ್ದರು. ಸಾಕುಮಗನನ್ನು ಕುಡಿತಕ್ಕೆ ಕಳೆದುಕೊಂಡ ಆ ತಾಯಿ ಸಾರಾಯಿಯ ವಿರುದ್ಧ ಊರನ್ನು ಎಬ್ಬಿಸಿದ್ದರು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗದಲ್ಲಿ 90 ಎಂ.ಎಲ್. ವಿಸ್ಕಿಯ ಪುಟ್ಟ ಪ್ಯಾಕೆಟ್ ಬಂದು ಕೂತಿತು. ಕಾರವಾರದವರಿಗಂತೂ ಮಾಜಾಳಿ ದಾಟಿದರೆ ಗೋವಾ, ಅಗ್ಗದ ಬಾಟಲಿ.

ಇದೇ ಕಾಲದಲ್ಲಿ ಎಚ್‌ಐವಿ ಇರುವವರ ಬದುಕಿನಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. 1986ರಲ್ಲಿ ಚೆನ್ನೈನಲ್ಲಿ ಆ ವೈರಸ್ ದೇಶದಲ್ಲೇ ಮೊದಲು ಪತ್ತೆಯಾದ ಮೇಲೆ ಬಹುಕಾಲ ಆ ಹೆಸರಿಗೆ ಸಾವು ಎಂದೇ ಅರ್ಥವಿತ್ತು. 2004ರ ಏಪ್ರಿಲ್‌ನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆ ಉಚಿತವಾಗಿ ಸಿಗತೊಡಗಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅಂದು ಮೂವತ್ತರ ಹರೆಯದಲ್ಲಿ ಗುಳಿಗೆ ಶುರು ಮಾಡಿದವರಿಗೆ ಈಗ ಐವತ್ತು ದಾಟಿದೆ. ರೋಗನಿರೋಧಕ ಸಿಡಿ4 ಕಣಗಳು ಎಷ್ಟು ಎಂಬ ಪ್ರಶ್ನೆಯ ಜೊತೆಗೆ ಬಿಪಿ, ಸಕ್ಕರೆ, ಯಕೃತ್ತು, ಮೂಳೆಯ ಪ್ರಶ್ನೆಗಳೂ ಬಂದಿವೆ. ಕುಡಿತ ಇವೆಲ್ಲವನ್ನೂ ಮುಟ್ಟುತ್ತದೆ.

ಎಷ್ಟು ಕುಡಿದರೆ ಎಷ್ಟು ಕೇಡು? ಇದರ ಉತ್ತರ ಹುಡುಕಿದವರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಏಮಿ ಜಸ್ಟಿಸ್ ಪ್ರಮುಖರು. ಅಲ್ಲಿನ ಮಾಜಿ ಸೈನಿಕರಲ್ಲಿ ಎಚ್‌ಐವಿ ಇರುವವರನ್ನೂ ಇಲ್ಲದವರನ್ನೂ ವರ್ಷಗಟ್ಟಲೆ ಗಮನಿಸಿದ ತಂಡ 2016ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಎಚ್‌ಐವಿ ಇಲ್ಲದ ಗಂಡಸರಲ್ಲಿ ಸಾವಿನ ಅಪಾಯ ತಿಂಗಳಿಗೆ 70 ಡ್ರಿಂಕ್‌ಗಳ ಆಸುಪಾಸಿನಲ್ಲಿ ಏರಿದರೆ, ಇರುವವರಲ್ಲಿ 30ಕ್ಕೇ ಏರಿತ್ತು. ವೈರಸ್ ಹತೋಟಿಗೆ ಬರದವರಿಗೆ ಅಮಲೂ ಬೇಗ ಏರುತ್ತದೆಂದು ಇನ್ನೊಂದು ಅಧ್ಯಯನ ತೋರಿಸಿತು.

ಆದರೆ ಅಮೆರಿಕದ 'ಡ್ರಿಂಕ್' ಎಂದರೆ 14 ಗ್ರಾಂ ಆಲ್ಕೋಹಾಲ್. ನಮ್ಮ ಪ್ಯಾಕೆಟ್ ವಿಸ್ಕಿ ಶೇ 42.8ರದ್ದು, 90 ಎಂ.ಎಲ್.ನಲ್ಲಿ ಸುಮಾರು 30 ಗ್ರಾಂ ಬರುತ್ತದೆ, ಎರಡು ಡ್ರಿಂಕ್‌ಗಿಂತ ತುಸು ಹೆಚ್ಚು. ಹಾಗಾಗಿ ಆ 30 ಡ್ರಿಂಕ್ ತಿಂಗಳಿಗೆ 14 ಪ್ಯಾಕೆಟ್ ಆಗುತ್ತದೆ. ಅಂದರೆ ದಿನ ಬಿಟ್ಟು ದಿನ ಒಂದು. ನಮ್ಮ ಕರಾವಳಿಯಲ್ಲಿ ಇಷ್ಟು ಕುಡಿಯುವವನನ್ನು ಯಾರೂ ಕುಡುಕ ಅನ್ನುವುದಿಲ್ಲ. ಸಂಶೋಧನೆ ಜನರಿಗೆ ತಲುಪಬೇಕಾದರೆ ಹೀಗೆ ಪ್ಯಾಕೆಟ್ಟಿನ ಲೆಕ್ಕದಲ್ಲೇ ತಲುಪಬೇಕು ಎಂಬುದು ನನ್ನ ದೃಢ ನಂಬಿಕೆ. ಶೇಕಡಾವಾರು ತುಂಬಿದ ಪೋಸ್ಟರ್ ಗೋಡೆಯ ಮೇಲೇ ಉಳಿಯುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಕುಡಿದ ದಿನ ಗುಳಿಗೆ ನುಂಗಿದರೆ ವಿಷವಾದೀತು ಎಂದು ಹೆದರಿ ಗುಳಿಗೆಯನ್ನೇ ಬಿಡುವವರಿದ್ದಾರೆ. ಸೆತ್ ಕ್ಯಾಲಿಕ್‌ಮನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಈ ಹೆದರಿಕೆಯನ್ನೇ ಅಧ್ಯಯನ ಮಾಡಿದರು. ಕುಡಿಯಬೇಡಿ ಎಂದಷ್ಟೇ ಗದರಿಸಿದರೆ ರೋಗಿ ಬಿಡುವುದು ಗ್ಲಾಸನ್ನಲ್ಲ, ಗುಳಿಗೆಯನ್ನು. ಈಗ ಕೊಡುವ ಡೊಲುಟೆಗ್ರಾವಿರ್ ಇರುವ ಗುಳಿಗೆಯನ್ನು ಕುಡಿದ ದಿನವೂ ತಪ್ಪಿಸಬಾರದು. ತಪ್ಪಿಸಿದರೆ ವೈರಸ್ ಮತ್ತೆ ತಲೆಯೆತ್ತುತ್ತದೆ. ಕ್ಷಯ ಬಾರದಂತೆ ಕೊಡುವ ಐಸೋನಿಯಜಿಡ್‌ನ ಮಾತು ಬೇರೆ. ಕುಡಿತದೊಡನೆ ಅದು ಯಕೃತ್ತನ್ನು ಕೆಡಿಸಬಲ್ಲದು, ಆದ್ದರಿಂದ ಕುಡಿಯುವ ವಿಷಯ ವೈದ್ಯರಿಗೆ ಮೊದಲೇ ತಿಳಿದಿರಬೇಕು.

ತಿಳಿಯುವುದಾದರೂ ಹೇಗೆ? 'ಕುಡೀತೀರಾ?' ಎಂದರೆ ಬರುವ ಉತ್ತರ 'ಇಲ್ಲ'. ಎಲ್ಲರೂ ಎಲ್ಲರಿಗೂ ಪರಿಚಿತರಾದ ಊರುಗಳಿವು. ಎಚ್‌ಐವಿ ಗುಟ್ಟಾಗಿರಬೇಕೆಂದು 2017ರ ಕಾಯ್ದೆ ಹೇಳಿದರೂ ಗುಳಿಗೆಯ ಸಾಲಿನಲ್ಲಿ ಯಾರಾದರೂ ಕಂಡುಬಿಟ್ಟಾರು ಎಂಬ ಅಳುಕು ಹೋಗಿಲ್ಲ. 'ವಾರದಲ್ಲಿ ಎಷ್ಟು ದಿನ, ಆ ದಿನ ಎಷ್ಟು ಪ್ಯಾಕೆಟ್?' ಎಂದು ಆಪ್ತ ಸಮಾಲೋಚಕರು ಬಾಗಿಲು ಮುಚ್ಚಿ ಕೇಳಿದರೆ ಮಾತು ಹೊರಡುತ್ತದೆ. ಒಂದು ಎಚ್ಚರಿಕೆಯನ್ನು ಅಲ್ಲಿಯೇ ಹೇಳಿ ಕಳಿಸಬೇಕು: ದಿನವೂ ವಿಪರೀತ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್ ಬರಬಹುದು. ಅಂಥವರು ಕುಡಿತ ಬಿಡಬೇಕಾದದ್ದು ವೈದ್ಯರ ಕಣ್ಗಾವಲಿನಲ್ಲಿ, ಮನೆಯಲ್ಲಿ ಒಬ್ಬರೇ ಹಟಕ್ಕೆ ಬಿದ್ದಲ್ಲ.