ತೊಳೆಯದ ಕಲ್ಲು

1842ರಲ್ಲಿ ಲಿಂಗಸುಗೂರಿನಲ್ಲಿ ಡಾ. ಪ್ರಿಮ್‌ರೋಸ್‌ಗೆ ಕಲ್ಲಿನ ಚೂರಿ, ಬಾಣದ ಮೊನೆಗಳು ಸಿಕ್ಕಾಗಿನಿಂದ ರಾಯಚೂರು ಸೀಮೆಯ ನೆಲ ಶಿಲಾಯುಧಗಳನ್ನು ಕೊಡುತ್ತಲೇ ಬಂದಿದೆ. ಮಸ್ಕಿ, ಪಿಕಳಿಹಾಳ, ಮಾನ್ವಿ ಕಡೆಯ ಕಲ್ಲೂರು ಇತಿಹಾಸ ಓದಿದವರಿಗೆ ಗೊತ್ತಿರುವ ಹೆಸರುಗಳೇ. ಆಯುಧವನ್ನು ಹೇಗೆ ಕೆತ್ತಿದರು, ಹೇಗೆ ಉಜ್ಜಿದರು ಎಂಬುದು ತಿಳಿದಿದೆ. ಯಾವ ಅಲಗು ಏನನ್ನು ಕೊಯ್ದಿತು ಎಂಬುದನ್ನು ಮಾತ್ರ ಊಹಿಸಬೇಕು. ದೇವದುರ್ಗದಿಂದ ಕೃಷ್ಣೆ ದಾಟಿದರೆ ಸಿಗುವ ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನದಿಂದ ದನ ಕೊಯ್ಯುತ್ತಿದ್ದ ನೆಲವೇ ಹೊರಬಿತ್ತು. ಮೂಳೆಯೇ ಸಿಕ್ಕ ಮೇಲೆ ಇನ್ನೇನು ಬೇಕು ಎನ್ನಬಹುದು. ಆದರೆ ಮೂಳೆ ಹೇಳುವುದು ಯಾವ ಪ್ರಾಣಿ ಸತ್ತಿತೆಂಬುದನ್ನು. ಪಕ್ಕದಲ್ಲಿ ಬಿದ್ದ ಚರ್ಟ್ ಕಲ್ಲಿನ ಅಲಗು ತೊಗಲು ಸುಲಿದದ್ದೋ ಹುಲ್ಲು ಕೊಯ್ದದ್ದೋ ಎಂಬುದನ್ನು ಅಲಗನ್ನೇ ಕೇಳಬೇಕು.

ಕೇಳುವ ಬಗೆ ಅಪರಾಧ ಪತ್ತೆಯ ಪ್ರಯೋಗಾಲಯದಿಂದ ಬಂದದ್ದು. ಅಲಗನ್ನು ಅಮೋನಿಯ ಬೆರೆಸಿದ ನೀರಿನಲ್ಲಿ ಅದ್ದಿ, ಸಂದುಗಳಲ್ಲಿ ಅಂಟಿದ್ದನ್ನು ಬಿಡಿಸುತ್ತಾರೆ. ಆ ದ್ರವದ ಒಂದು ಹನಿಯನ್ನು ಜೆಲ್ಲಿನ ಒಂದು ಗುಳಿಯಲ್ಲೂ, ಗೊತ್ತಿರುವ ಪ್ರಾಣಿಯ ಪ್ರೋಟೀನಿಗೆ ಅಂಟುವ ಪ್ರತಿಕಾಯಗಳನ್ನು ಎದುರಿನ ಗುಳಿಯಲ್ಲೂ ಹಾಕಿ ವಿದ್ಯುತ್ ಹರಿಸುತ್ತಾರೆ. ಎರಡೂ ಸರಿದು ಬಂದು ಹೊಂದಿಕೊಂಡರೆ ನಡುವೆ ಬಿಳಿ ಗೆರೆ ಮೂಡುತ್ತದೆ. 2016ರಲ್ಲಿ ಜೋರ್ಡಾನಿನ ಅಜ್ರಾಕ್‌ನ ಸುಮಾರು ಎರಡೂವರೆ ಲಕ್ಷ ವರ್ಷ ಹಳೆಯ 44 ಆಯುಧಗಳನ್ನು ಹೀಗೆ ಪರೀಕ್ಷಿಸಿ, 17ರಲ್ಲಿ ಕುದುರೆ, ಖಡ್ಗಮೃಗ, ಬಾತುಕೋಳಿ ಮುಂತಾದವುಗಳ ಗುರುತು ಸಿಕ್ಕಿತೆಂದು ವರದಿ ಮಾಡಿದರು. ಎಲ್ಲರೂ ಒಪ್ಪಲಿಲ್ಲ, ಅದು ಸರಿಯೇ. ಬೇಕೆಂದೇ ರಕ್ತ ಬಳಿದ ಕಲ್ಲುಗಳ ಪರೀಕ್ಷೆಯಲ್ಲೂ ಈ ಬಗೆಯ ವಿಧಾನಗಳು ಹಲವು ಸಲ ತಪ್ಪು ಉತ್ತರ ಕೊಟ್ಟಿವೆ. ಬಿಸಿಲು, ತೇವ, ಸೂಕ್ಷ್ಮಜೀವಿಗಳು ಪ್ರೋಟೀನನ್ನು ಮುರಿಯುತ್ತವೆ. ರಾಯಚೂರಿನ ಬೇಸಿಗೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರೆಮಣ್ಣಿನ ಜೇಡಿ ಪ್ರೋಟೀನನ್ನು ಹಿಡಿದಿಡುತ್ತದೆ ನಿಜ. ಅದೇ ಎರೆ ಬೇಸಿಗೆಯಲ್ಲಿ ಬಿರಿದು, ಮೇಲಿನದನ್ನು ಕೆಳಗಿಳಿಸಿ ಕಾಲಗಳನ್ನೇ ಬೆರೆಸಿಬಿಡುತ್ತದೆ.

ಇಷ್ಟಕ್ಕೇ ಪರೀಕ್ಷೆಯನ್ನು ಕೈಬಿಡಬೇಕಿಲ್ಲ, ಉತ್ತರಗಳ ತೂಕವನ್ನು ಬದಲಿಸಿದರೆ ಸಾಕು. ನಾಲ್ಕು ಸಾವಿರ ವರ್ಷಗಳಿಂದ ದನ ಕಟ್ಟಿದ, ಸಗಣಿ ಸುಟ್ಟು ಬೂದಿದಿಬ್ಬ ಎಬ್ಬಿಸಿದ ಸೀಮೆಯಿದು. ಇಲ್ಲಿ ಅಲಗಿನ ಮೇಲೆ ದನದ ಪ್ರೋಟೀನ್ ಸಿಕ್ಕರೆ ಅದು ದುರ್ಬಲ ಸಾಕ್ಷಿ. ಆಕಳೋ ಎಮ್ಮೆಯೋ ಎಂದು ಪ್ರತಿಕಾಯ ಬೇರ್ಪಡಿಸುವುದೂ ಕಷ್ಟ. ಕಡವೆಯದೋ ಮೀನಿನದೋ ಸಿಕ್ಕರೆ ಅದಕ್ಕೆ ಹೆಚ್ಚು ಬೆಲೆ. ಹೊಲದಲ್ಲಿ ಸಿಕ್ಕ ನಯಗೊಡಲಿಗಳನ್ನು ಗುಡಿಯ ಮುಂದಿಟ್ಟು ಪೂಜಿಸುವ ರೂಢಿಯೂ ದಖ್ಖನ್ನಿನಲ್ಲಿದೆ; ಹಾಲೆರೆದ ಕಲ್ಲು ದನವನ್ನಲ್ಲದೆ ಇನ್ನೇನನ್ನು ತೋರಿಸೀತು! ತೊಳೆದು, ಸಂಖ್ಯೆ ಬರೆದು ಕಪಾಟಿನಲ್ಲಿಟ್ಟ ಹಳೆಯ ಸಂಗ್ರಹಗಳದ್ದೂ ಇದೇ ಪಾಡು. ಆದ್ದರಿಂದ ಮುಂದಿನ ಅಗೆತದಲ್ಲಿ ಕೆಲವು ಅಲಗುಗಳನ್ನಾದರೂ ಮುಟ್ಟದೆ, ತೊಳೆಯದೆ ಚೀಲಕ್ಕಿಳಿಸಿ, ಒಂದು ಗೇಣು ಆಚೆಯ ಮಣ್ಣನ್ನೂ ಜೊತೆಗೆ ತೆಗೆದಿಡಬೇಕು. ಎರಡರಲ್ಲೂ ಒಂದೇ ಗೆರೆ ಮೂಡಿದರೆ ಆ ಫಲಿತಾಂಶ ಮಣ್ಣಿನದು. ಕಲ್ಲಿನಲ್ಲಿ ಮಾತ್ರ ಮೂಡಿದರೆ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಪ್ರೋಟೀನಿನ ತುಣುಕುಗಳನ್ನೇ ಓದಿ ನೋಡಿದ ಮೇಲೆ ಪ್ರಾಣಿಯ ಹೆಸರು ಹೇಳಬಹುದು.