ಹಳೆಯ ಟ್ರ್ಯಾಕ್ಟರ್ ಎಳೆಯುವುದಿಲ್ಲವೇ? ಎಣ್ಣೆ ಸೋರುತ್ತಿದೆಯೇ? ಬಿಚ್ಚಿಸುವ ಮೊದಲು ಪರೀಕ್ಷಿಸಿ

ಕಲಬುರಗಿ ಜಿಲ್ಲೆಯ ಎರೆ ಭೂಮಿಯಲ್ಲಿ ಮುಂಗಾರಿನ ಹದ ಬಹಳ ದಿನ ನಿಲ್ಲುವುದಿಲ್ಲ. ಹದ ಇರುವಾಗಲೇ ತೊಗರಿ ಬಿತ್ತಬೇಕು. ಆ ಸಮಯಕ್ಕೆ ಟ್ರ್ಯಾಕ್ಟರ್ ಕೈಕೊಟ್ಟರೆ ಬಿತ್ತನೆ ಹಿಂದೆ ಬೀಳುತ್ತದೆ. ಕೆಂಬಾಳೆಗೆ ಹೆಸರಾದ ಕಮಲಾಪುರದ ಸುತ್ತಿನ ರೈತರಿಗೆ ಬಿತ್ತನೆ, ರಾಶಿ ಮುಗಿದ ಮೇಲೂ ಅದರ ಕೆಲಸ ಮುಗಿಯದು. ಟ್ರಾಲಿ ಕಟ್ಟಿಕೊಂಡು ಮಾಲನ್ನು ಕಲಬುರಗಿ ಮಾರುಕಟ್ಟೆಗೆ ಸಾಗಿಸಬೇಕು.

ಹೀಗೆ ದುಡಿದ ಹಳೆಯ ಟ್ರ್ಯಾಕ್ಟರುಗಳಲ್ಲಿ ಎರಡು ದೋಷಗಳು ಸಾಮಾನ್ಯ. ಆಕ್ಸಿಲರೇಟರ್ ಕೊಟ್ಟರೂ ಪಿಕಪ್ ಬರುವುದಿಲ್ಲ; ಗೇರ್ ಬಾಕ್ಸಿನ ಬಳಿ ಎಣ್ಣೆ ಸೋರುತ್ತದೆ. ಇಷ್ಟಕ್ಕೇ ಎಂಜಿನ್ ಬಿಚ್ಚಿಸುವುದು ದುಂದುವೆಚ್ಚ. 1971ರಲ್ಲಿ ಟ್ರ್ಯಾಕ್ಟರ್ ತಯಾರಿಕೆ ಆರಂಭಿಸಿದ ಎಚ್.ಎಂ.ಟಿ. ಈಗ ಅದನ್ನು ನಿಲ್ಲಿಸಿದೆ. ಅಂತಹ ಗಾಡಿಗಳನ್ನು ಇಟ್ಟುಕೊಂಡವರಂತೂ ಬಿಚ್ಚಿಸುವ ಮೊದಲು ದೋಷ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳಬೇಕು.

ಎಂಜಿನ್ನೋ, ಕ್ಲಚ್ಚೋ?

ನೇಗಿಲು ಇಳಿಸಿದಾಗ ಅಥವಾ ಏರು ಹತ್ತುವಾಗ ಎಂಜಿನ್ನಿನ ಸದ್ದನ್ನು ಗಮನಿಸಿ. ಸದ್ದು ಕುಗ್ಗಿ ಎಂಜಿನ್ ನಿಲ್ಲುವಂತಾದರೆ ಎಂಜಿನ್ನಿಗೆ ಬಲ ಸಾಲದು, ಇಲ್ಲವೇ ಬ್ರೇಕು ಹಿಡಿದುಕೊಂಡಿದೆ. ಸದ್ದು ಏರುತ್ತಿದ್ದರೂ ಗಾಡಿ ಸಾಗದೆ, ಚಕ್ರಗಳೂ ನೆಲದ ಮೇಲೆ ಜಾರಿ ತಿರುಗದಿದ್ದರೆ ಕ್ಲಚ್ ಜಾರುತ್ತಿದೆ ಎಂದು ತಿಳಿಯಿರಿ.

ಎಂಜಿನ್ನಿಗೆ ಬಲ ಸಾಲದಿದ್ದರೆ

ಈ ಕೆಳಗಿನವುಗಳನ್ನು ಇದೇ ಕ್ರಮದಲ್ಲಿ ನೋಡಿರಿ.

1. ಏರ್ ಕ್ಲೀನರ್: ರಾಶಿ ಮಾಡುವಾಗ ಏಳುವ ಧೂಳು ಇದನ್ನು ಬೇಗ ಕಟ್ಟಿಸುತ್ತದೆ. ಗಾಳಿ ಸಾಲದಿದ್ದರೆ ಕಪ್ಪು ಹೊಗೆ ಬರುತ್ತದೆ. ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇದ್ದರೆ, ಧೂಳಿನ ಕೆಲಸವಿರುವಾಗ ಅದನ್ನು ದಿನವೂ ಪರೀಕ್ಷಿಸಬೇಕು. ಕೆಸರು ಕಂಡರೆ ತೊಳೆದು ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಬೇಕು.

2. ಡೀಸೆಲ್ ಫಿಲ್ಟರ್: ತಳದ ಬಟ್ಟಲಿನಲ್ಲಿ ನಿಂತ ನೀರು, ಕಸ ತೆಗೆಯಿರಿ. ಅವಧಿ ಮೀರಿದ ಫಿಲ್ಟರ್ ಬದಲಾಯಿಸಿ. ಆಮೇಲೆ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ, ಸ್ಕ್ರೂ ಬಿಗಿ ಮಾಡಿರಿ.

3. ಆಕ್ಸಿಲರೇಟರ್ ಸರಳು: ಎಂಜಿನ್ ನಿಲ್ಲಿಸಿ ಪೂರ್ತಿ ಎಳೆಯಿರಿ. ಡೀಸೆಲ್ ಪಂಪಿನ ಲಿವರ್ ಕೊನೆಯವರೆಗೆ ಹೋಗದಿದ್ದರೆ ಸರಳಿನ ಉದ್ದವನ್ನು ಸರಿಪಡಿಸಿದರೆ ಸಾಕು.

4. ಬ್ರೇಕು: ಬ್ರೇಕು ಒತ್ತದೆ ಸ್ವಲ್ಪ ದೂರ ಓಡಿಸಿ ಇಳಿದು ನೋಡಿ. ಡ್ರಮ್ ಬಿಸಿಯಾಗಿದ್ದರೆ ಬ್ರೇಕು ಪೂರ್ತಿ ಬಿಡುತ್ತಿಲ್ಲ.

ಇವೆಲ್ಲ ಸರಿಯಿದ್ದೂ ಎಂಜಿನ್ ಕಾದ ಮೇಲೆ ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ರಿಂಗು, ಲೈನರ್ ಸವೆದಿರಬಹುದು. ನಾಜಲ್ ಮತ್ತು ಡೀಸೆಲ್ ಪಂಪನ್ನು ಅದಕ್ಕೆಂದೇ ಇರುವ ಅಂಗಡಿಯಲ್ಲಿ ಪರೀಕ್ಷಿಸಿ ಸರಿಪಡಿಸಬೇಕು, ಹೊಲದಲ್ಲಿ ಬಿಚ್ಚಬಾರದು.

ಸೋರಿಕೆಯ ಮೂಲ ಹುಡುಕುವುದು

ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರಿಕೆಯ ಮೂಲವಲ್ಲ. ಎಣ್ಣೆ ಹರಿದು ಬಂದು ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ಗೇರ್ ಬಾಕ್ಸಿನ ಹೊರಮೈಯನ್ನು ಸೀಮೆಎಣ್ಣೆ ಅಥವಾ ಡೀಸೆಲಿನಿಂದ ತೊಳೆದು ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಅರ್ಧ ಗಂಟೆ ಓಡಿಸಿ, ಎಂಜಿನ್ ನಿಲ್ಲಿಸಿ ನೋಡಿದರೆ ಪುಡಿ ಮೊದಲು ನೆನೆದ ಜಾಗದಲ್ಲಿ ಮೂಲವಿರುತ್ತದೆ. ಕಪ್ಪಗಿದ್ದರೆ ಸಾಮಾನ್ಯವಾಗಿ ಎಂಜಿನ್ ಎಣ್ಣೆ. ದಪ್ಪಗಿದ್ದು ಘಾಟು ವಾಸನೆ ಇದ್ದರೆ ಗೇರ್ ಎಣ್ಣೆ. ಹಾಲಿನಂತೆ ಬೆಳ್ಳಗಾಗಿದ್ದರೆ ಎಣ್ಣೆಗೆ ನೀರು ಸೇರಿದೆ, ಅದನ್ನು ಬದಲಾಯಿಸಲೇಬೇಕು.

ಸೀಲ್ ಬದಲಾಯಿಸುವ ಮೊದಲು ಗೇರ್ ಬಾಕ್ಸಿನ ಮೇಲಿರುವ ಗಾಳಿ ರಂಧ್ರದ ಮುಚ್ಚಳವನ್ನು ನೋಡಿರಿ. ಇದು ಮಣ್ಣಿನಿಂದ ಮುಚ್ಚಿಹೋದರೆ ಒಳಗೆ ಕಾದ ಗಾಳಿ ಹೊರಬರಲಾರದೆ ಎಣ್ಣೆಯನ್ನು ಸೀಲಿನ ಮೂಲಕ ಹೊರದೂಡುತ್ತದೆ. ಅದನ್ನು ತೊಳೆಯದೆ ಹೊಸ ಸೀಲ್ ಹಾಕಿದರೆ ಅದೂ ಸೋರುತ್ತದೆ. ಎಣ್ಣೆ ಗುರುತಿಗಿಂತ ಹೆಚ್ಚಾಗಿದ್ದರೂ ಹೀಗೆಯೇ ಆಗುತ್ತದೆ.

ಎರಡು ದೋಷ, ಒಂದೇ ಮೂಲ

ಅನೇಕ ಟ್ರ್ಯಾಕ್ಟರುಗಳಲ್ಲಿ ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವಿನ ಕ್ಲಚ್ ಮನೆಯ ತಳದಲ್ಲಿ ಸಣ್ಣ ರಂಧ್ರವಿರುತ್ತದೆ. ಅಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಎಂಜಿನ್ನಿನ ಹಿಂದಿನ ಸೀಲ್ ಅಥವಾ ಗೇರ್ ಬಾಕ್ಸಿನ ಮುಂದಿನ ಸೀಲ್ ಹೋಗಿದೆ. ಆ ಎಣ್ಣೆ ಕ್ಲಚ್ ಪ್ಲೇಟಿಗೆ ತಗಲಿದರೆ ಕ್ಲಚ್ ಜಾರುತ್ತದೆ. ಆಗ ಎಳೆಯದಿರುವುದಕ್ಕೂ ಸೋರಿಕೆಗೂ ಕಾರಣ ಒಂದೇ. ಎಣ್ಣೆ ನಿಲ್ಲಲೆಂದು ಆ ರಂಧ್ರವನ್ನು ಬಡಿದು ಮುಚ್ಚಬಾರದು. ಎಣ್ಣೆ ಒಳಗೇ ತುಂಬಿ ಪ್ಲೇಟು ಹಾಳಾಗುತ್ತದೆ. ಅಲ್ಲಿ ಎಣ್ಣೆ ಕಾಣದಿದ್ದರೆ ಪೆಡಲಿನ ಸಡಿಲವನ್ನು ನೋಡಿರಿ. ಸಾಮಾನ್ಯವಾಗಿ ಒಂದು ಅಂಗುಲದಷ್ಟು ಸಡಿಲ ಬೇಕು. ಸರಿಯಾದ ಅಳತೆ ಗಾಡಿಯ ಕೈಪಿಡಿಯಲ್ಲಿರುತ್ತದೆ. ಸಡಿಲ ಇಲ್ಲದಿದ್ದರೂ ಕ್ಲಚ್ ಜಾರುತ್ತದೆ.

ಎಚ್ಚರಿಕೆ

ಹಿಂದಿನ ಅಚ್ಚಿನ ಸೀಲ್ ಸೋರಿ ಬ್ರೇಕಿಗೆ ಎಣ್ಣೆ ತಗಲಿದ್ದರೆ ಟ್ರಾಲಿ ಕಟ್ಟಿ ರಸ್ತೆಗೆ ಇಳಿಯಬೇಡಿ. ಇಳಿಜಾರಿನಲ್ಲಿ ಹೇರು ತುಂಬಿದ ಗಾಡಿ ನಿಲ್ಲದು. ನಾಜಲ್ ಪೈಪಿನ ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ. ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ. ಹಾಗಾದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಈ ಪರೀಕ್ಷೆಗಳನ್ನು ಬೇಸಿಗೆಯಲ್ಲಿಯೇ ಮಾಡಿಕೊಳ್ಳಿ. ಕಂಡದ್ದನ್ನು ಬರೆದಿಟ್ಟು ಮೆಕ್ಯಾನಿಕ್‌ಗೆ ಹೇಳಿ. ಬೇಡದ ರಿಪೇರಿಯ ಖರ್ಚು ಉಳಿಯುತ್ತದೆ, ಮೃಗಶಿರಾ ಮಳೆ ಬೀಳುವ ಹೊತ್ತಿಗೆ ಟ್ರ್ಯಾಕ್ಟರ್ ಹೊಲದಲ್ಲಿರುತ್ತದೆ.