ಗಜದ ಲೆಕ್ಕ, ಹಣದ ಲೆಕ್ಕ: ಗಾಲ್ಫ್ ಲೇಸರ್ ದೂರಮಾಪಕ ಕೊಳ್ಳುವ ಮುನ್ನ

ರಾಜಾಜಿನಗರ ಕೈಗಾರಿಕಾ ಬಡಾವಣೆ ಹಾಗೂ ಅದಕ್ಕೆ ಹೊಂದಿಕೊಂಡ ಬಸವೇಶ್ವರನಗರ, ವಿಜಯನಗರ, ಮಾಗಡಿ ರಸ್ತೆ ಪ್ರದೇಶಗಳ ಸಣ್ಣ ಉದ್ಯಮಿಗಳಿಗೆ ಅಳತೆಯ ಉಪಕರಣವು ಹೊಸ ವಸ್ತುವಲ್ಲ. ವರ್ನಿಯರ್, ಮೈಕ್ರೊಮೀಟರ್, ಡಯಲ್ ಗೇಜ್‌ಗಳ ನಡುವೆಯೇ ಇಲ್ಲಿನ ಎರಡು-ಮೂರು ತಲೆಮಾರುಗಳು ದುಡಿದಿವೆ. 1972ರಲ್ಲಿ ಸ್ಥಾಪನೆಯಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ರಾಜಾಜಿನಗರದಲ್ಲಿಯೇ ಇದೆ. ಯಂತ್ರೋಪಕರಣಗಳ ನಿಖರತೆಗೆ ಹೆಸರಾದ ಸಿಎಂಟಿಐ ಸಂಸ್ಥೆ ತುಮಕೂರು ರಸ್ತೆಯಲ್ಲಿದೆ. ಆದರೂ ಕಾರ್ಖಾನೆಗೆ ಒಂದು ಗೇಜ್ ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವ ಉದ್ಯಮಿಯೇ, ಆಟದ ಮೈದಾನಕ್ಕೆ ಉಪಕರಣ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ನಂಬಿ ಹಣ ತೆರುವುದುಂಟು. ಗಾಲ್ಫ್ ಆಟಗಾರರು ಬಳಸುವ ಲೇಸರ್ ದೂರಮಾಪಕ, ಅಂದರೆ ರೇಂಜ್‌ಫೈಂಡರ್, ಇದಕ್ಕೆ ಒಳ್ಳೆಯ ನಿದರ್ಶನ.

ಬೆಂಗಳೂರಿಗೆ ಗಾಲ್ಫ್ ಹಳೆಯ ಆಟ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಸ್ಥಾಪನೆಯಾಯಿತು. ದೊಮ್ಮಲೂರು ಕಡೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಆನಂತರ ಬಂದಿತು. ನಗರದ ಪಶ್ಚಿಮ ಭಾಗದವರಿಗೆ ಈ ಆಟ ಸಮೀಪವಾದದ್ದು ಕೆಂಗೇರಿಯಾಚೆ, ಮೈಸೂರು ರಸ್ತೆಯ ಬಿಡದಿ ಬಳಿ ಈಗಲ್‌ಟನ್ ಮೈದಾನ ನಿರ್ಮಾಣಗೊಂಡ ಮೇಲೆ. ಆ ಮೈದಾನದ ಪಕ್ಕದ ಹಳ್ಳಿಯಿಂದ ಬಂದು, ಬಾಲ್ಯದಲ್ಲಿ ಅಲ್ಲಿ ಚೆಂಡು ಹೆಕ್ಕುತ್ತಿದ್ದ ಎಸ್. ಚಿಕ್ಕರಂಗಪ್ಪ ಮುಂದೆ ವೃತ್ತಿಪರ ಆಟಗಾರರಾದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಪಡೆದಾಗ, ಗಾಲ್ಫ್ ಆಡದ ಮನೆಗಳಲ್ಲಿಯೂ ಅದರ ಮಾತು ನಡೆಯಿತು. ಗ್ರಾಹಕರೊಡನೆ, ಬ್ಯಾಂಕಿನವರೊಡನೆ ಬೆಳಗಿನ ಹೊತ್ತು ಮೈದಾನದಲ್ಲಿ ಕಳೆಯುವ ರೂಢಿ ಉದ್ಯಮ ವಲಯದಲ್ಲಿಯೂ ಬೆಳೆದಿದೆ. ಹೀಗಾಗಿ ಸ್ವಂತ ಬಳಕೆಗೋ ಉಡುಗೊರೆಗೋ ದೂರಮಾಪಕ ಕೊಳ್ಳುವ ಪ್ರಸಂಗ ಸಣ್ಣ ಉದ್ಯಮಿಗಳಿಗೂ ಒದಗುತ್ತಿದೆ.

ಬೆಲೆಯ ಅಂತರ ದೊಡ್ಡದು. ಅಮೆರಿಕದ ಮಾರುಕಟ್ಟೆಯಲ್ಲಿ ಬುಶ್ನೆಲ್ ಸಂಸ್ಥೆಯ ಪ್ರೊ ಎಕ್ಸ್3 ಮಾದರಿ 2022ರಲ್ಲಿ ಸುಮಾರು 600 ಡಾಲರ್‌ಗೆ ಬಿಡುಗಡೆಯಾಯಿತು. ಅಷ್ಟೇನೂ ಹೆಸರಿಲ್ಲದ ತಯಾರಕರ ಸಾಧನಗಳು ಅಲ್ಲಿಯೇ 100ರಿಂದ 200 ಡಾಲರ್‌ಗೆ ದೊರೆಯುತ್ತವೆ. ಎರಡರ ಪೆಟ್ಟಿಗೆಯ ಮೇಲೂ ಹೆಚ್ಚುಕಡಿಮೆ ಒಂದೇ ಮಾತು ಇರುತ್ತದೆ: ಒಂದು ಗಜದೊಳಗಿನ ನಿಖರತೆ. ಹಾಗಿದ್ದಲ್ಲಿ ಉಳಿದ ಹಣ ಹೋಗುವುದು ಯಾವುದಕ್ಕೆ ಎಂಬುದೇ ಕೊಳ್ಳುವವರು ತಿಳಿಯಬೇಕಾದ ವಿಷಯ.

ಕಾರ್ಯವಿಧಾನ

ಈ ಸಾಧನ ಕಣ್ಣಿಗೆ ಕಾಣದ ಅವಗೆಂಪು ಲೇಸರ್ ಮಿಡಿತವನ್ನು ಗುರಿಯತ್ತ ಕಳುಹಿಸಿ, ಅದು ಪ್ರತಿಫಲಿಸಿ ಮರಳಿ ಬರಲು ಹಿಡಿದ ಕಾಲವನ್ನು ಅಳೆಯುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. 150 ಮೀಟರ್ ದೂರದ ಗುರಿಗೆ ಹೋಗಿ ಬರಲು ಅದಕ್ಕೆ ಬೇಕಾದದ್ದು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಒಂದು ಗಜದ ವ್ಯತ್ಯಾಸ ಗುರುತಿಸಲು ಸುಮಾರು ಆರು ನ್ಯಾನೊಸೆಕೆಂಡುಗಳನ್ನು ಬೇರ್ಪಡಿಸಿದರೆ ಸಾಕು. ಇಂತಹ ಕಾಲಮಾಪನದ ವಿದ್ಯುನ್ಮಾನ ಬಿಡಿಭಾಗಗಳು ಇಂದು ಅಗ್ಗವಾಗಿವೆ. ಆದುದರಿಂದಲೇ ಅಗ್ಗದ ಸಾಧನವೂ ಗೋಡೆಯಂತಹ ಅಗಲವಾದ ಗುರಿಯ ದೂರವನ್ನು ಸಾಕಷ್ಟು ಸರಿಯಾಗಿಯೇ ಹೇಳುತ್ತದೆ.

ಕಷ್ಟವಿರುವುದು ಕಾಲಮಾಪನದಲ್ಲಲ್ಲ, ಗುರಿಯಲ್ಲಿ. ಗಾಲ್ಫ್ ಕುಳಿಯಲ್ಲಿ ನಿಲ್ಲಿಸುವ ಬಾವುಟದ ಕೋಲು ಎರಡು ಅಂಗುಲಕ್ಕಿಂತ ದಪ್ಪವಿರುವಂತಿಲ್ಲ. ಲೇಸರ್ ಕಿರಣವಾದರೋ ದೂರ ಹೋದಂತೆ ಹರಡುತ್ತದೆ. ಅದರ ಹರವು 2 ಮಿಲಿರೇಡಿಯನ್ ಎಂದಿಟ್ಟುಕೊಂಡರೆ, 150 ಮೀಟರ್ ದೂರದಲ್ಲಿ ಬೆಳಕಿನ ಮಚ್ಚೆ 30 ಸೆಂಟಿಮೀಟರ್ ಅಗಲವಾಗುತ್ತದೆ. ಕೋಲಿಗೆ ತಗುಲಿದ್ದಕ್ಕಿಂತ ಹೆಚ್ಚಿನ ಬೆಳಕು ಅದರ ಹಿಂದಿನ ಮರಗಳಿಗೆ ತಗುಲುತ್ತದೆ. ಮರಳಿ ಬಂದ ಅನೇಕ ಪ್ರತಿಫಲನಗಳಲ್ಲಿ ಹತ್ತಿರದ್ದನ್ನು ಆರಿಸಿ ಹೇಳುವ ವ್ಯವಸ್ಥೆಯೇ ಬಾವುಟ ಹಿಡಿಯುವ ಸೌಲಭ್ಯ. ಗುರಿ ಸಿಕ್ಕಿದೊಡನೆ ಕೆಲವು ಸಾಧನಗಳು ಕೈಯಲ್ಲಿ ನಡುಗಿ ಸೂಚನೆ ನೀಡುತ್ತವೆ. ಬಾವುಟದ ದೂರ ಕೇಳಿದಾಗ ಹಿಂದಿನ ಮರದ ದೂರ ಹೇಳುವ ಸಾಧನವು, ಅದರ ನಿಖರತೆ ಒಂದು ಗಜವಾದರೂ, ಆಟಗಾರನಿಗೆ ಇಪ್ಪತ್ತು ಗಜದ ತಪ್ಪನ್ನೇ ಕೊಡುತ್ತದೆ.

ಯಾವುದಕ್ಕೆ ಹಣ, ಯಾವುದಕ್ಕೆ ಬೇಡ

ಪೆಟ್ಟಿಗೆಯ ಮೇಲೆ 1000 ಗಜ ಎಂದು ಮುದ್ರಿಸಿರುವುದಕ್ಕೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ. ಅದು ಸಾಮಾನ್ಯವಾಗಿ ಹೊಳೆಯುವ ಪ್ರತಿಫಲಕ ಫಲಕಕ್ಕೆ ಸಂಬಂಧಿಸಿದ ಅಂಕಿ. ತೆಳುವಾದ ಬಾವುಟದ ಕೋಲಿಗೆ ಸಾಧನದ ವ್ಯಾಪ್ತಿ ಇದಕ್ಕಿಂತ ಬಹಳ ಕಡಿಮೆ. ಆಟಗಾರನಿಗೆ ದೂರ ತಿಳಿಯಬೇಕಾಗುವುದು ಬಹುಮಟ್ಟಿಗೆ 250 ಗಜದೊಳಗೆ. ಬಾವುಟಕ್ಕೆ ಎಷ್ಟು ಗಜದವರೆಗೆ ಎಂಬುದನ್ನು ಬೇರೆಯಾಗಿ ನಮೂದಿಸಿರುವ ತಯಾರಕರ ಮಾತನ್ನು ಹೆಚ್ಚು ನಂಬಬಹುದು. ದಶಮಾಂಶ ಸ್ಥಾನದ ಅಂಕಿಗೂ ಇದೇ ಮಾತು ಅನ್ವಯಿಸುತ್ತದೆ. ಅಳತೆಯ ಕನಿಷ್ಠ ಎಣಿಕೆ ಬೇರೆ, ನಿಖರತೆ ಬೇರೆ ಎಂಬುದನ್ನು ಯಂತ್ರಾಗಾರದ ಮಂದಿಗೆ ಹೇಳಿಕೊಡಬೇಕಾಗಿಲ್ಲ. ಹವ್ಯಾಸಿ ಆಟಗಾರನ ಒಂದು ಐರನ್ ಕ್ಲಬ್ಬಿಗೂ ಮುಂದಿನದಕ್ಕೂ ಸುಮಾರು ಹತ್ತು ಗಜದ ಅಂತರವಿರುವಾಗ, ಗಜದ ಹತ್ತನೆಯ ಒಂದು ಭಾಗ ತಿಳಿದು ಆಗುವ ಲಾಭವಿಲ್ಲ.

ಹಣ ಕೊಡಬೇಕಾದದ್ದು ಮಸೂರಕ್ಕೆ. ಆರು ಪಟ್ಟು ದೊಡ್ಡದಾಗಿ ತೋರಿಸುವ, 21 ಮಿಲಿಮೀಟರ್ ಮಸೂರದ ಸಾಧನ ಸಾಮಾನ್ಯವಾಗಿ ಬಳಕೆಯಲ್ಲಿದೆ. ಮಸೂರದ ಲೇಪನ ಕಳಪೆಯಾಗಿದ್ದಲ್ಲಿ ನಸುಕಿನಲ್ಲಿ ಬಾವುಟ ಕಾಣದು. ಕಪ್ಪು ಅಂಕಿಗಳ ಪರದೆ ಹಸಿರು ಮರಗಳ ಹಿನ್ನೆಲೆಯಲ್ಲಿ ಮಸುಕಾಗುತ್ತದೆ. ಕೆಂಪಾಗಿ ಬೆಳಗುವ ಅಂಕಿಗಳಿಗೆ ಬೆಲೆ ಹೆಚ್ಚು, ಆದರೆ ಬೆಳಗಿನ ಆರು ಗಂಟೆಗೆ ಆಡುವವರಿಗೆ ಅದು ವ್ಯರ್ಥವಲ್ಲ. ಬೆಂಗಳೂರಿನ ಮಳೆಯನ್ನು ಗಮನದಲ್ಲಿರಿಸಿ ನೀರು ತಡೆಯುವ ದರ್ಜೆಯನ್ನೂ ನೋಡಬೇಕು. ಐಪಿಎಕ್ಸ್4 ಎಂದರೆ ನೀರಿನ ಸಿಡಿತಕ್ಕೆ ಮಾತ್ರ ರಕ್ಷಣೆ; ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಾಳುವ ದರ್ಜೆ. ಸಾಧನ ನಡೆಯುವುದು ಬದಲಾಯಿಸಬಹುದಾದ ಸಿಆರ್2 ಬ್ಯಾಟರಿಯಿಂದಲೋ, ಒಳಗೇ ಕೂಡಿಸಿದ ಪುನಃ ತುಂಬುವ ಬ್ಯಾಟರಿಯಿಂದಲೋ ಎಂಬುದೂ ಮುಖ್ಯ. ಎರಡನೆಯದು ಹಗ್ಗದ ಬೆಲೆಯಲ್ಲಿ ದೊರೆತರೂ, ಬ್ಯಾಟರಿ ಸೊರಗಿದ ದಿನ ಇಡೀ ಸಾಧನವೇ ಮೂಲೆ ಸೇರಬಹುದು.

ಅಂಗಳದಲ್ಲಿಯೇ ಪರೀಕ್ಷೆ

ಕೊಂಡ ಸಾಧನವನ್ನು ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಪರೀಕ್ಷಿಸುವುದು ಒಳಿತು. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಕಾರ್ಖಾನೆಯ ಅಂಗಳದಲ್ಲೋ ಬಯಲಿನಲ್ಲೋ 30 ಮೀಟರ್ ಉಕ್ಕಿನ ಟೇಪನ್ನು ಮೂರು ಬಾರಿ ಹಾಸಿ 90 ಮೀಟರ್ ಗುರುತಿಸಬೇಕು. ಅದು 98.4 ಗಜಕ್ಕೆ ಸಮ. ಕೊನೆಯಲ್ಲಿ ಒಂದು ತೆಳುವಾದ ಕೋಲನ್ನು ನೆಟ್ಟು, ಅದರ ಹಿಂದೆ ಹತ್ತಿಪ್ಪತ್ತು ಮೀಟರ್ ಅಂತರದಲ್ಲಿ ಗಿಡ ಅಥವಾ ಗೋಡೆ ಇರುವಂತೆ ನೋಡಿಕೊಳ್ಳಬೇಕು. ಬಳಿಕ ಹತ್ತು ಬಾರಿ ಅಳೆದು ಬರೆದಿಡಬೇಕು.

ಹತ್ತೂ ಅಂಕಿಗಳು 98 ಅಥವಾ 99ರ ಆಸುಪಾಸಿನಲ್ಲಿದ್ದರೆ ಸಾಧನ ಯೋಗ್ಯ. ಹತ್ತೂ ಬಾರಿ 100 ಎಂದೇ ತೋರಿದರೆ ಅದರಲ್ಲಿ ಸ್ಥಿರವಾದ ದೋಷವಿದೆ. ಆಟಗಾರ ಅದನ್ನು ಮನಸ್ಸಿನಲ್ಲಿ ಕಳೆದುಕೊಳ್ಳಬಹುದು. ಒಮ್ಮೆ 97, ಇನ್ನೊಮ್ಮೆ 104, ಮತ್ತೊಮ್ಮೆ 118 ಎಂದು ಹಾರಾಡಿದರೆ ಅಂತಹ ಸಾಧನ ಎಷ್ಟು ಅಗ್ಗವಾದರೂ ದುಬಾರಿಯೇ. ಅಳತೆ ಮರುಕಳಿಸುವ ಗುಣವೇ ಇಲ್ಲಿ ಮೊದಲ ಪರೀಕ್ಷೆ. ಇದೇ ಪರೀಕ್ಷೆಯನ್ನು ನಸುಕಿನ ಬೆಳಕಿನಲ್ಲಿ ಇನ್ನೊಮ್ಮೆ ಮಾಡಿದರೆ ಮಸೂರದ ಯೋಗ್ಯತೆಯೂ ತಿಳಿಯುತ್ತದೆ. ಯಾವ ಕಾರಣಕ್ಕೂ ಸಾಧನದ ಮೂಲಕ ಸೂರ್ಯನನ್ನು ನೋಡಬಾರದು. ಸಾಧನದ ಮೇಲೆ ಒಂದನೆಯ ದರ್ಜೆಯ ಲೇಸರ್ ಎಂಬ ಗುರುತು ಇರುವುದನ್ನೂ ಖಚಿತಪಡಿಸಿಕೊಳ್ಳಬೇಕು.

ಆಟದ ನಿಯಮ, ಕ್ಯಾಡಿಯ ಅನುಭವ

ಗಾಲ್ಫ್ ನಿಯಮಗಳನ್ನು ರೂಪಿಸುವ ಆರ್ ಅಂಡ್ ಎ ಹಾಗೂ ಅಮೆರಿಕದ ಯುಎಸ್‌ಜಿಎ ಸಂಸ್ಥೆಗಳು 2006ರಲ್ಲಿ, ಆಯಾ ಕ್ಲಬ್ ಅಥವಾ ಸ್ಪರ್ಧಾ ಸಮಿತಿ ಒಪ್ಪಿದಲ್ಲಿ ಮಾತ್ರ ದೂರಮಾಪಕ ಬಳಸಬಹುದೆಂದು ಅವಕಾಶ ನೀಡಿದವು. 2019ರ ಜನವರಿಯಿಂದ ಇದು ತಿರುಗುಮುರುಗಾಯಿತು: ಸಮಿತಿ ನಿಷೇಧಿಸದಿದ್ದಲ್ಲಿ ಬಳಸಬಹುದು. ಆದರೆ ಆ ನಿಯಮಗಳು ಏರು-ತಗ್ಗನ್ನು ಅಳೆಯಲು ಅವಕಾಶ ನೀಡಲಿಲ್ಲ. ಏರು-ತಗ್ಗಿನ ಲೆಕ್ಕ ಸೇರಿಸಿ ದೂರ ಹೇಳುವ ಸೌಲಭ್ಯ ಇಂದು ಅಗ್ಗದ ಸಾಧನಗಳಲ್ಲಿಯೂ ಇರುತ್ತದೆ. ಅಭ್ಯಾಸಕ್ಕೆ ಅದು ಉಪಯುಕ್ತ. ಸ್ಪರ್ಧೆಯಲ್ಲಿ ಬಳಸಿದರೆ ಮೊದಲ ತಪ್ಪಿಗೆ ದಂಡ, ಎರಡನೆಯದಕ್ಕೆ ಅನರ್ಹತೆ. ಆದುದರಿಂದ ಆ ಸೌಲಭ್ಯವನ್ನು ಹೊರಗಿನ ಒಂದು ಗುಂಡಿಯಿಂದ ನಿಲ್ಲಿಸಲು ಬರುವ, ನಿಲ್ಲಿಸಿರುವುದು ಇತರರಿಗೂ ಕಾಣುವ ಮಾದರಿಯೇ ಸ್ಪರ್ಧೆಗಳಲ್ಲಿ ಆಡುವವರಿಗೆ ಸೂಕ್ತ.

ಸಾಧನ ಬಂದ ಮಾತ್ರಕ್ಕೆ ಕ್ಯಾಡಿಯ ಅಗತ್ಯ ತೀರುವುದಿಲ್ಲ. ನಮ್ಮ ಮೈದಾನಗಳಲ್ಲಿ ದೂರ ಹೇಳುವುದು ಕ್ಯಾಡಿಯ ಕೆಲಸದ ಒಂದು ಭಾಗ ಮಾತ್ರ. ಗಾಳಿಯ ದಿಕ್ಕು, ಮಳೆಯ ಮರುದಿನ ಚೆಂಡು ಎಷ್ಟು ಉರುಳೀತು, ಗ್ರೀನ್ ಯಾವ ಕಡೆಗೆ ಇಳಿಜಾರು ಎಂಬುದನ್ನು ಲೇಸರ್ ಹೇಳದು. ಸಾಧನ ಕೊಂಡ ಉಳಿತಾಯವನ್ನು ಕ್ಯಾಡಿಯ ಕೂಲಿಯಲ್ಲಿ ಹುಡುಕುವುದು ಆಟಕ್ಕೂ ನಷ್ಟ, ಮೈದಾನವನ್ನೇ ನಂಬಿದ ಸುತ್ತಲಿನ ಹಳ್ಳಿಗಳ ಕುಟುಂಬಗಳಿಗೂ ನಷ್ಟ.

ನಿವೇಶನ ಅಳೆಯಲು ಅಲ್ಲ

ಕೈಯಲ್ಲಿ ಲೇಸರ್ ಇದೆಯೆಂದು ಅದರಿಂದಲೇ ನಿವೇಶನ, ಷೆಡ್ಡು, ಬೇಲಿಯ ಅಳತೆ ತೆಗೆಯುವ ಮೋಹವೂ ಉದ್ಯಮಿಗಳಿಗೆ ಬರಬಹುದು. ಇದು ಅಪಾಯಕರ. ಪಶ್ಚಿಮ ಬೆಂಗಳೂರಿನಲ್ಲಿ ಬಹಳವಾಗಿ ಕಾಣುವ 30x40 ಅಡಿ ನಿವೇಶನದ ವಿಸ್ತೀರ್ಣ 1200 ಚದರ ಅಡಿ. 30 ಅಡಿಯ ಬದಿಯಲ್ಲಿ ಒಂದು ಗಜ, ಎಂದರೆ 3 ಅಡಿ ತಪ್ಪಿದರೆ ವ್ಯತ್ಯಾಸ 120 ಚದರ ಅಡಿ, ಅದು ಶೇ. 10ರಷ್ಟು. ಗಾಲ್ಫ್ ಆಟದಲ್ಲಿ ಲೆಕ್ಕಕ್ಕೇ ಬಾರದ ತಪ್ಪು ಇಲ್ಲಿ ಲಕ್ಷಾಂತರ ರೂಪಾಯಿಯ ವ್ಯಾಜ್ಯವಾದೀತು.

ಕಟ್ಟಡದ ಕೆಲಸಕ್ಕೆ ಬೇರೆಯೇ ಸಾಧನವಿದೆ. ಸ್ವಿಟ್ಜರ್ಲೆಂಡಿನ ಲೈಕಾ ಸಂಸ್ಥೆ 1993ರಲ್ಲಿ ಡಿಸ್ಟೊ ಎಂಬ ಹೆಸರಿನಲ್ಲಿ ಹೊರತಂದ ಕೈಯಲ್ಲಿ ಹಿಡಿಯುವ ಲೇಸರ್ ಅಳತೆ ಸಾಧನದ ವರ್ಗವದು. ಕೆಂಪು ಚುಕ್ಕೆಯಿಂದ ಗುರಿ ತೋರಿಸುವ ಈ ಸಾಧನಗಳು ಕೆಲವು ಹತ್ತು ಮೀಟರ್‌ಗಳ ದೂರವನ್ನು ಒಂದೆರಡು ಮಿಲಿಮೀಟರ್ ನಿಖರತೆಯಲ್ಲಿ ಅಳೆಯುತ್ತವೆ. ಆದರೆ ಬಿಸಿಲಿನಲ್ಲಿ ದೂರದ ಬಾವುಟಕ್ಕೆ ಅವು ಒದಗಲಾರವು. ಒಂದರ ಕೆಲಸ ಇನ್ನೊಂದಕ್ಕೆ ಬಾರದು. 2011ರ ಏಪ್ರಿಲ್ 1ರಿಂದ ಜಾರಿಗೆ ಬಂದ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ವ್ಯವಹಾರದ ಅಳತೆ ಮೆಟ್ರಿಕ್ ಮಾನದಲ್ಲಿಯೇ ಇರಬೇಕು. ವ್ಯವಹಾರಕ್ಕೆ ಬಳಸುವ ಅಳತೆ ಸಾಧನಗಳು ಪರಿಶೀಲನೆ ಮತ್ತು ಮುದ್ರೆಗೆ ಒಳಪಡುತ್ತವೆ. ಗಾಲ್ಫ್ ಸಾಧನದ ಗಜದ ಲೆಕ್ಕ ಬಿಲ್ಲಿಗೆ ಆಧಾರವಾಗದು.

ಬಿಲ್ಲು, ಖಾತರಿ, ತೆರಿಗೆ

ಈ ಸಾಧನಗಳಲ್ಲಿ ಬಹುಪಾಲು ಆಮದಾದವು. ಪೊಟ್ಟಣ ಸರಕುಗಳ 2011ರ ನಿಯಮಗಳಂತೆ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು-ವಿಳಾಸ, ತಯಾರಾದ ದೇಶ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ ವಿವರ ಇರಬೇಕು. ಆಮದುದಾರರ ಹೆಸರಿಲ್ಲದ ಪೆಟ್ಟಿಗೆ ಎಷ್ಟೇ ಅಗ್ಗವಾದರೂ, ಸಾಧನ ಕೆಟ್ಟಾಗ ಕೇಳುವುದಕ್ಕೆ ಬಾಗಿಲೇ ಇರುವುದಿಲ್ಲ. ದೂರಮಾಪಕಗಳು 9015ನೆಯ ಸುಂಕ ಶೀರ್ಷಿಕೆಯಡಿ ಬರುತ್ತವೆ. ಬಿಲ್ಲಿನಲ್ಲಿ ಅದು ಸರಿಯಾಗಿ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು.

ಉಡುಗೊರೆಗೆ ಕೊಳ್ಳುವವರು ಎರಡು ಅಂಶ ಗಮನಿಸಬೇಕು. ಒಂದು, ಉಡುಗೊರೆಯಾಗಿ ನೀಡಿದ ಸರಕಿನ ಮೇಲೆ ತೆತ್ತ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಕಾಯ್ದೆಯ 17(5)ನೆಯ ಪ್ರಕರಣ ಅದನ್ನು ತಡೆಯುತ್ತದೆ. ಎರಡು, ವ್ಯವಹಾರ ಸಂಬಂಧದಲ್ಲಿ ಒಬ್ಬರಿಗೆ ವರ್ಷವೊಂದರಲ್ಲಿ ನೀಡುವ ಸೌಲಭ್ಯಗಳ ಒಟ್ಟು ಮೌಲ್ಯ 20,000 ರೂ. ಮೀರಿದರೆ ಶೇ. 10ರಷ್ಟು ಮೂಲದಲ್ಲಿ ತೆರಿಗೆ ಕಡಿತದ ಹೊಣೆಯನ್ನು 2022ರ ಜುಲೈ 1ರಿಂದ ತರಲಾಯಿತು. ಸಣ್ಣ ವಹಿವಾಟಿನ ವೈಯಕ್ತಿಕ ಉದ್ಯಮಿಗಳಿಗೆ ಇದರಿಂದ ವಿನಾಯಿತಿಯಿದೆ. ದುಬಾರಿ ಮಾದರಿಯೊಂದೇ ಈ ಮಿತಿಯನ್ನು ದಾಟಬಹುದು. ಲೆಕ್ಕಪರಿಶೋಧಕರೊಡನೆ ಮೊದಲೇ ವಿಚಾರಿಸುವುದು ಕ್ಷೇಮ.

ಒಟ್ಟಿನಲ್ಲಿ, ಗಾಲ್ಫ್ ಆಟಕ್ಕೆ ಬೇಕಾದದ್ದು ಒಂದು ಗಜದ ಸತ್ಯ. ಅದನ್ನು ಸಾಧಾರಣ ಬೆಲೆಯ ಸಾಧನವೂ ನೀಡಬಲ್ಲದು. ತೆಳುವಾದ ಬಾವುಟವನ್ನು ಮತ್ತೆ ಮತ್ತೆ ಹಿಡಿಯುವ ಗುಣ, ನಸುಕಿನಲ್ಲಿ ಕಾಣುವ ಮಸೂರ, ಏರು-ತಗ್ಗಿನ ಲೆಕ್ಕ ನಿಲ್ಲಿಸುವ ಗುಂಡಿ, ಹೆಸರು-ವಿಳಾಸವಿರುವ ಆಮದುದಾರರು, ಈ ನಾಲ್ಕನ್ನು ಇದೇ ಕ್ರಮದಲ್ಲಿ ನೋಡಿದ ಮೇಲೆಯೇ ಬೆಲೆಯ ಮಾತು. ಕಾರ್ಖಾನೆಗೆ ಗೇಜ್ ಕೊಳ್ಳುವಾಗ ತೋರುವ ಎಚ್ಚರವನ್ನು ಇಲ್ಲಿಯೂ ತೋರಿದರೆ ಉದ್ಯಮಿಯ ಹಣ ಸಾರ್ಥಕವಾಗುತ್ತದೆ.